ವಸಡು ಇಳಿದಿದೆ, ಕಸಿ ಮಾಡಿಸಲೇಬೇಕಾ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಈಚೆಗೆ ವಸಡಿನ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ “ಡಾಕ್ಟರ್ ಗಮ್ ಗ್ರಾಫ್ಟ್ ಅಂತಿದ್ದಾರೆ, ಏನು ಮಾಡಲಿ” ಅಂತ ಬೇರೆ ಬೇರೆ ಊರಿನವರು ಕೇಳಿದ್ದಾರೆ. ಗಮ್ ಗ್ರಾಫ್ಟ್ ಅಂದರೆ ವಸಡಿನ ಕಸಿ, ವಸಡು ಇಳಿದ ಜಾಗಕ್ಕೆ ಬೇರೆ ಕಡೆಯ ತುಂಡನ್ನು ಕೂರಿಸುವುದು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಆದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಎಡಗಡೆ ಮೇಲಿನ ಕೋರೆಹಲ್ಲು ದಿನೇ ದಿನೇ ಉದ್ದವಾದಂತೆ ಕಾಣುತ್ತಿದೆ. ವಸಡು ಮೇಲಕ್ಕೆ ಸರಿದಿದೆ, ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. ಡಾಕ್ಟರ್ ಗ್ರಾಫ್ಟ್ ಮಾಡಿಸಿ ಅಂದರು. ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದರೆ ವಸಡು ಮತ್ತೆ ಬರುತ್ತದೆ ಅನ್ನುತ್ತಾರೆ ನಮ್ಮ ಅತ್ತೆ. ಯಾವುದು ಸರಿ?
– ಶಾಲಾ ಶಿಕ್ಷಕಿ, ತಿಪಟೂರು

ಉತ್ತರ: ಮೊದಲು ಎಣ್ಣೆಯ ಮಾತು, ಯಾಕೆಂದರೆ ಇದನ್ನು ನಂಬಿ ವರ್ಷಗಟ್ಟಲೆ ಕಾಯುವವರಿದ್ದಾರೆ. ದೊಡ್ಡವರಲ್ಲಿ ಒಮ್ಮೆ ಇಳಿದ ವಸಡು ತಾನಾಗಿ ಬೆಳೆದು ಮತ್ತೆ ಬೇರನ್ನು ಮುಚ್ಚುತ್ತದೆ ಅಂತ ಕಾದು ಕೂರಬೇಡಿ. ಎಣ್ಣೆ, ಉಪ್ಪು, ಲವಂಗ, ದುಬಾರಿ ಪೇಸ್ಟ್, ಯಾವುದೂ ಅದನ್ನು ಬೆಳೆಸುವುದಿಲ್ಲ. ಎಣ್ಣೆಯಲ್ಲಿ ಬಾಯಿ ಮುಕ್ಕಳಿಸಿದರೆ ತೊಂದರೆಯಿಲ್ಲ, ಬೆರಳಿನಿಂದ ಜೋರಾಗಿ ತಿಕ್ಕುವುದು ಮಾತ್ರ ಬೇಡ. ಅತ್ತೆಯವರಿಗೂ ಇದನ್ನು ಸಮಾಧಾನವಾಗಿ ಹೇಳಿ.

ಕೋರೆಹಲ್ಲೇ ಯಾಕೆ ಹೀಗಾಯಿತು? ಆ ಹಲ್ಲಿನ ಬೇರು ಉಳಿದವಕ್ಕಿಂತ ಸ್ವಲ್ಪ ಮುಂದಕ್ಕೆ ಉಬ್ಬಿರುತ್ತದೆ. ಅದರ ಮುಂಭಾಗವನ್ನು ಮುಚ್ಚುವ ಮೂಳೆ ತುಂಬ ತೆಳು, ಕೆಲವರಲ್ಲಿ ಅಷ್ಟೂ ಇರುವುದಿಲ್ಲ. ಮೇಲಿನ ವಸಡೂ ತೆಳ್ಳಗಿದ್ದರೆ, ಗಟ್ಟಿ ಎಳೆಗಳ ಬ್ರಶ್ ಹಿಡಿದು ಅಡ್ಡಡ್ಡ ಗರಗರ ಉಜ್ಜಿದಾಗ ಮೊದಲು ಪೆಟ್ಟು ತಿನ್ನುವ ಜಾಗ ಅದೇ. ನೀವು ಬಲಗೈಯಲ್ಲಿ ಉಜ್ಜುವವರಾದರೆ ಎಡಗಡೆ ಬಲ ಜಾಸ್ತಿ ಬೀಳುತ್ತಿರಬಹುದು, ನಾಳೆ ಬೆಳಗ್ಗೆ ಕನ್ನಡಿ ಮುಂದೆ ಒಮ್ಮೆ ಗಮನಿಸಿ. ಇದ್ದಿಲು, ಬೂದಿ, ತರಿತರಿಯಾದ ಹಲ್ಲುಪುಡಿ ಬಳಸುತ್ತಿದ್ದರೆ ಅದನ್ನೂ ಬಿಡಿ.

ಜುಮ್ಮೆನ್ನುವುದಕ್ಕೆ ಕಾರಣ ಇದು: ಗಟ್ಟಿಯಾದ ಎನಾಮೆಲ್ ಇರುವುದು ವಸಡಿನಿಂದ ಹೊರಗೆ ಕಾಣುವ ಹಲ್ಲಿಗೆ ಮಾತ್ರ. ಬೇರಿಗೆ ಆ ಕವಚ ಇಲ್ಲ. ವಸಡು ಸರಿದಾಗ ಆ ಮೆದು ಭಾಗ ಹೊರಗೆ ಬೀಳುತ್ತದೆ, ತಣ್ಣಗಿನದು ತಗುಲಿದ ಕೂಡಲೇ ನರಕ್ಕೆ ಗೊತ್ತಾಗುತ್ತದೆ. ಬೇರು ಬೇಗ ಸವೆಯುತ್ತದೆ, ಬೇಗ ಹುಳುಕೂ ಹಿಡಿಯುತ್ತದೆ.

ಇನ್ನು ಕಸಿ ಬೇಕಾ ಬೇಡವಾ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಇಳಿದ ವಸಡಿಗೆಲ್ಲ ಕಸಿ ಬೇಕಿಲ್ಲ. ಎಷ್ಟು ಮಿಲಿಮೀಟರ್ ಇಳಿದಿದೆ ಅಂತ ಅಳತೆ ಮಾಡಿಸಿ, ಒಂದು ಫೋಟೊ ತೆಗೆಸಿಟ್ಟುಕೊಳ್ಳಿ. ಮೆದು ಬ್ರಶ್‌ಗೆ ಬದಲಾಯಿಸಿ. ಬ್ರಶ್ಶನ್ನು ಪೆನ್ ಹಿಡಿದ ಹಾಗೆ ಹಗುರವಾಗಿ ಹಿಡಿದು ವಸಡಿನಿಂದ ಹಲ್ಲಿನ ಕಡೆಗೆ ಉರುಳಿಸುವುದನ್ನು ರೂಢಿ ಮಾಡಿಕೊಳ್ಳಿ. ಪೊಟ್ಯಾಶಿಯಂ ನೈಟ್ರೇಟ್ ಇರುವ ಸೆನ್ಸಿಟಿವ್ ಪೇಸ್ಟನ್ನು ದಿನಕ್ಕೆರಡು ಸಲ ಬಳಸಿ. ಅದು ಕೆಲಸ ಮಾಡಲು ಕೆಲವು ವಾರ ಬೇಕು, ನಾಲ್ಕು ದಿನಕ್ಕೇ ಉಪಯೋಗವಿಲ್ಲ ಅಂತ ಬಿಡಬೇಡಿ. ಆರು ತಿಂಗಳ ನಂತರ ಮತ್ತೆ ಅಳತೆ ಮಾಡಿಸಿ. ವಸಡು ಅಲ್ಲೇ ನಿಂತಿದ್ದು ಜುಮ್ಮೆನ್ನುವುದೂ ಕಡಿಮೆಯಾಗಿದ್ದರೆ ಸುಮ್ನೆ ಆಪರೇಷನ್ ಯಾಕೆ? ಆದರೆ ಅಳತೆ ಹೆಚ್ಚಾಗುತ್ತಾ ಹೋದರೆ, ಹಲ್ಲಿನ ಸುತ್ತ ಗಟ್ಟಿ ವಸಡೇ ಉಳಿದಿಲ್ಲದಿದ್ದರೆ, ಪೇಸ್ಟ್ ಹಚ್ಚಿದರೂ ಊಟ ಮಾಡಲಾಗದಷ್ಟು ಜುಮ್ಮೆಂದರೆ, ಅಥವಾ ನಗುವಾಗ ಉದ್ದ ಹಲ್ಲು ಕಾಣುತ್ತದೆ ಅಂತ ನಿಮಗೇ ಬೇಸರವಾಗುತ್ತಿದ್ದರೆ ಮಾಡಿಸಿ. ಕೊನೆಯದನ್ನು ಸಣ್ಣ ಕಾರಣ ಅಂದುಕೊಳ್ಳಬೇಡಿ. ದಿನವಿಡೀ ಮಕ್ಕಳೆದುರು ನಿಂತು ಮಾತಾಡುವ ಕೆಲಸ ನಿಮ್ಮದು, ಅಲ್ವಾ?

ಒಂದು ವಿಷಯ ಮರೆಯಬೇಡಿ. ಉಜ್ಜುವ ರೀತಿ ಬದಲಾಗದೆ ಕಸಿ ಮಾಡಿಸಿದರೆ ಹೊಸ ವಸಡೂ ಅದೇ ದಾರಿ ಹಿಡಿಯಬಹುದು.

ಪ್ರಶ್ನೆ: ಡಾಕ್ಟ್ರೇ, ಅಂಗುಳದಿಂದ ಮಾಂಸ ಕಿತ್ತು ವಸಡಿಗೆ ಹೊಲಿಯುತ್ತಾರಂತೆ ಹೌದಾ? ಕೇಳಿಯೇ ಮೈ ಜುಂ ಅಂತು. ಎಷ್ಟು ನೋವು? ಎಷ್ಟು ದಿನ ಊಟ ಇಲ್ಲ? ನನಗೆ ಬಟ್ಟೆ ಅಂಗಡಿ ಇದೆ, ಬಹಳ ದಿನ ಮುಚ್ಚೋಕಾಗಲ್ಲ.
– ವ್ಯಾಪಾರಿ, 45 ವರ್ಷ, ದಾವಣಗೆರೆ

ಉತ್ತರ: ಅಂಗುಳದಿಂದ ತೆಗೆಯುವುದು ನಿಜ, ಆದರೆ ನೀವು ಊಹಿಸಿಕೊಂಡಷ್ಟು ಭಯಂಕರವಾಗಿಲ್ಲ. ಏನು ಮಾಡುತ್ತಾರೆ ಅಂತ ಗೊತ್ತಾದರೆ ಅರ್ಧ ಭಯ ಹೋಗುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಪೂರ್ತಿ ಪ್ರಜ್ಞೆ ತಪ್ಪಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಹಲ್ಲು ಕೀಳುವಾಗ ಕೊಡುವಂಥದ್ದೇ ಇಂಜೆಕ್ಷನ್ ಕೊಟ್ಟು ಆ ಜಾಗ ಮರಗಟ್ಟಿಸುತ್ತಾರೆ. ಹೊರಗೆ ಬಿದ್ದ ಬೇರನ್ನು ಚೆನ್ನಾಗಿ ಶುಚಿ ಮಾಡಿ, ಅದರ ಸುತ್ತಲಿನ ವಸಡನ್ನು ನಿಧಾನವಾಗಿ ಬಿಡಿಸಿ ಒಳಗೊಂದು ಜೇಬು ಮಾಡಿಕೊಳ್ಳುತ್ತಾರೆ. ಆಮೇಲೆ ಅಂಗುಳದಲ್ಲಿ, ಕೋರೆಹಲ್ಲಿನ ಹಿಂದಿನಿಂದ ಮೊದಲ ದವಡೆಹಲ್ಲಿನವರೆಗಿನ ಜಾಗದಲ್ಲಿ ಒಂದು ಸೀಳು ಹಾಕುತ್ತಾರೆ. ಮೇಲಿನ ಚರ್ಮವನ್ನು ಹಾಗೇ ಉಳಿಸಿ, ಅದರ ಕೆಳಗಿನ ಪದರದಿಂದ ಸುಮಾರು 1ರಿಂದ 1.5 ಮಿಲಿಮೀಟರ್ ದಪ್ಪದ ತುಂಡನ್ನಷ್ಟೇ ತೆಗೆದು ಸೀಳನ್ನು ಹೊಲಿದುಬಿಡುತ್ತಾರೆ. ಆ ತುಂಡು ಬೇರಿನ ಮೇಲೆ ಕೂರುತ್ತದೆ, ನಿಮ್ಮದೇ ವಸಡನ್ನು ಅದರ ಮೇಲೆ ಎಳೆದು ಕೂದಲೆಳೆಯಂಥ ದಾರದಿಂದ ಹೊಲಿಯುತ್ತಾರೆ. ಒಂದೆರಡು ಹಲ್ಲಿಗಾದರೆ ಒಂದು ಗಂಟೆ, ಒಂದೂವರೆ ಗಂಟೆಯ ಕೆಲಸ.

ಈ ವಿಧಾನವನ್ನು ಲ್ಯಾಂಗರ್ ಮತ್ತು ಲ್ಯಾಂಗರ್ ಎಂಬ ಇಬ್ಬರು ವೈದ್ಯರು 1985ರಲ್ಲಿ ಪ್ರಕಟಿಸಿದರು. ಆಮೇಲೆ ಇದರಲ್ಲಿ ಎಷ್ಟೋ ಸುಧಾರಣೆಗಳಾಗಿವೆ. ಅದಕ್ಕಿಂತ ಹಳೆಯದು, 1960ರ ದಶಕದ್ದು, ಅಂಗುಳದ ಚರ್ಮವನ್ನೂ ಸೇರಿಸಿ ತೆಗೆಯುವ ವಿಧಾನ. ಅದರಲ್ಲಿ ಅಂಗುಳದ ಗಾಯ ತೆರೆದೇ ಇರುತ್ತದೆ, ನೋವೂ ಜಾಸ್ತಿ, ಕೂರಿಸಿದ ತುಂಡು ಅಕ್ಕಪಕ್ಕದ ವಸಡಿಗಿಂತ ಬಿಳಿಚಿಕೊಂಡು ಬೇರೆಯಾಗಿ ಕಾಣುತ್ತದೆ. ನೀವು ಕೇಳಿರುವ ಭಯದ ಕಥೆಗಳು ಬಹುಶಃ ಅದರವು. ಕೆಳಗಿನ ಮುಂದಿನ ಹಲ್ಲುಗಳಲ್ಲಿ ಗಟ್ಟಿ ವಸಡು ಬೇಕಾದಾಗ ಅದನ್ನು ಈಗಲೂ ಮಾಡುತ್ತಾರೆ. ನಿಮಗೆ ಯಾವುದು ಅಂತ ಮೊದಲೇ ಕೇಳಿ. ಇಳಿದ ಹಲ್ಲಿನ ಪಕ್ಕದಲ್ಲೇ ದಪ್ಪ ವಸಡಿದ್ದರೆ ಅಂಗುಳದ ತಂಟೆಗೇ ಹೋಗದೆ ಅದನ್ನೇ ಸರಿಸಿ ಮುಚ್ಚುವುದೂ ಉಂಟು.

ನೋವಿನ ಬಗ್ಗೆ: ವಸಡಿಗಿಂತ ಅಂಗುಳದ ಉರಿಯೇ ಹೆಚ್ಚು ಕಾಡುತ್ತದೆ. ಮೊದಲ ಮೂರ್ನಾಲ್ಕು ದಿನ ಮಾತ್ರೆ ಬೇಕಾಗುತ್ತದೆ, ಕೆನ್ನೆ ಸ್ವಲ್ಪ ಊದಿಕೊಳ್ಳಬಹುದು. ಅಂಗುಳಕ್ಕೆ ಒಂದು ತೆಳು ಪ್ಲಾಸ್ಟಿಕ್ ತಟ್ಟೆ ಮಾಡಿಕೊಡಿ ಅಂತ ಮೊದಲೇ ಕೇಳಿ, ಅದನ್ನು ಹಾಕಿಕೊಂಡರೆ ಊಟ ಮಾಡುವಾಗ ನಾಲಿಗೆ, ಅನ್ನ ಗಾಯಕ್ಕೆ ತಗುಲುವುದಿಲ್ಲ. ಎರಡು ಮೂರು ದಿನ ರಜೆ ಹಾಕಿ, ಆಮೇಲೆ ಅಂಗಡಿಯಲ್ಲಿ ಕೂರಬಹುದು, ಆದರೆ ಬಟ್ಟೆಯ ಮೂಟೆ ಎತ್ತುವುದು, ಗಿರಾಕಿಗಳ ಜೊತೆ ಗಂಟಲು ಹರಿಯುವಂತೆ ಮಾತಾಡುವುದು ಒಂದು ವಾರ ಬೇಡ.

ಊಟ ಇಲ್ಲ ಅಂತೇನಿಲ್ಲ. ಮೊಸರನ್ನ, ಗಂಜಿ, ತಣ್ಣಗಿನ ಹಾಲು, ಬೆಂದ ಬೇಳೆ ಎಲ್ಲ ಆಗುತ್ತದೆ. ರಾಗಿ ಮುದ್ದೆ ಆರಿದ ಮೇಲೆ ಬಹಳ ಒಳ್ಳೆಯದು, ಅಗಿಯುವ ಕೆಲಸವೇ ಇಲ್ಲ, ಸಾರಿಗೆ ಖಾರ ಮಾತ್ರ ಕಡಿಮೆ ಇರಲಿ. ಖಡಕ್ ರೊಟ್ಟಿ, ಮಂಡಕ್ಕಿ–ಮಿರ್ಚಿ ಮೂರು ವಾರ ದೂರ ಇಡಿ. ಮಂಡಕ್ಕಿಯ ಒಂದು ಚೂರು ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ತೆಗೆಯುವುದೇ ಕಷ್ಟ. ಸ್ಟ್ರಾ ಹಾಕಿ ಹೀರುವುದೂ ಬೇಡ.

ಇನ್ನೊಂದು ಮುಖ್ಯ ಸಂಗತಿ. ಕೂರಿಸಿದ ತುಂಡಿಗೆ ಮೊದಲ ಎರಡು ಮೂರು ದಿನ ಸ್ವಂತ ರಕ್ತನಾಳಗಳ ಸಂಪರ್ಕ ಇರುವುದಿಲ್ಲ. ಸುತ್ತಲಿಂದ ಜಿನುಗುವ ದ್ರವದಲ್ಲೇ ಅದು ಬದುಕಿರುತ್ತದೆ, ಆಮೇಲೆ ನಿಧಾನವಾಗಿ ಹೊಸ ನಾಳಗಳು ಒಳಗೆ ಬರುತ್ತವೆ. ಆ ಹೊತ್ತಿನಲ್ಲಿ ತುಂಡು ಅಲುಗಾಡಿದರೆ ಸಂಪರ್ಕ ಕಡಿದುಹೋಗುತ್ತದೆ. ನಾಟಿ ಮಾಡಿದ ಪೈರನ್ನು ಬೇರು ಬಿಟ್ಟಿದೆಯಾ ಅಂತ ದಿನಾ ಕಿತ್ತು ನೋಡಿದರೆ ಏನಾಗುತ್ತದೆ? ತುಟಿ ಎಳೆದು ಕನ್ನಡಿಯಲ್ಲಿ ನೋಡುವುದು, ಮನೆಯವರಿಗೆ ತೋರಿಸುವುದು, ನಾಲಿಗೆಯಿಂದ ಮುಟ್ಟುವುದು ಯಾವುದೂ ಬೇಡ. ಆ ಜಾಗದಲ್ಲಿ ಸುಮಾರು ಎರಡು ವಾರ, ಡಾಕ್ಟರ್ ಹೇಳುವವರೆಗೆ, ಬ್ರಶ್ ಮಾಡಬಾರದು. ಅದರ ಬದಲು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಡುತ್ತಾರೆ. ಅದರಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಆಮೇಲೆ ಕ್ಲೀನ್ ಮಾಡಿದರೆ ಹೋಗುತ್ತದೆ. ಹೊಲಿಗೆ ತೆಗೆಯುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ.

ಬೀಡಿ, ಸಿಗರೇಟ್ ಅಭ್ಯಾಸ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಮೊದಲು ಬಿಡಿ, ಸೇದುವವರಲ್ಲಿ ಬೇರು ಮುಚ್ಚಿಕೊಳ್ಳುವುದು ಕಡಿಮೆ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬಂದ ಮೇಲೆ ಮಾಡಿಸಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಹಲ್ಲಿನ ಡಾಕ್ಟರಿಗೂ ಹೃದಯದ ಡಾಕ್ಟರಿಗೂ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಇದನ್ನು ವಸಡಿನ ವಿಷಯದಲ್ಲೇ ಎಂ.ಡಿ.ಎಸ್. (ದಂತವೈದ್ಯದ ಸ್ನಾತಕೋತ್ತರ ಪದವಿ) ಮಾಡಿದವರ ಕೈಲಿ, ಅಂದರೆ ಪೆರಿಯೊಡಾಂಟಿಸ್ಟ್ ಹತ್ತಿರ ಮಾಡಿಸುವುದು ಒಳ್ಳೆಯದು. ನಿಮ್ಮೂರಿನ ಬಾಪೂಜಿ ದಂತ ಕಾಲೇಜು, ಬೆಂಗಳೂರಿನ ಸರ್ಕಾರಿ ದಂತ ಕಾಲೇಜು, ಧಾರವಾಡದ ಎಸ್‌ಡಿಎಂ, ಮಣಿಪಾಲ, ಇಲ್ಲೆಲ್ಲ ಅದಕ್ಕೆಂದೇ ವಿಭಾಗ ಇದೆ. ಕಾಲೇಜುಗಳಲ್ಲಿ ಹೊತ್ತು ಜಾಸ್ತಿ ಹಿಡಿಯಬಹುದು, ಆದರೆ ಖರ್ಚು ಸಾಮಾನ್ಯವಾಗಿ ಕಡಿಮೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಗ್ರಾಫ್ಟ್‌ಗೆ ಹಂದಿಯ ಚರ್ಮ, ಸತ್ತವರ ಚರ್ಮ ಹಾಕುತ್ತಾರೆ ಅಂತ ಕೇಳಿದೆ. ನಿಜವೇ?
– ಗೃಹಿಣಿ, ಕುಂದಾಪುರ

ಉತ್ತರ: ಕೆಲವು ವಿಧಾನಗಳಲ್ಲಿ ನಿಜ. ಅಂಗುಳದಿಂದ ತೆಗೆಯುವುದು ಬೇಡ ಅನ್ನುವವರಿಗೆ, ಅಥವಾ ಒಂದೇ ಸಲಕ್ಕೆ ಬಹಳ ಹಲ್ಲುಗಳಿಗೆ ಮಾಡಬೇಕಾದಾಗ, ತಯಾರಾಗಿ ಬರುವ ಹಾಳೆಗಳನ್ನು ಬಳಸುತ್ತಾರೆ. ಕೊಲಾಜನ್ ಎಂಬ ಪ್ರೊಟೀನಿನ ಹಾಳೆಗಳು ಹಂದಿಯಿಂದಲೋ ದನದಿಂದಲೋ ತಯಾರಾದವು. ದಾನಿಗಳ ಚರ್ಮದಿಂದ ಜೀವಕೋಶಗಳನ್ನೆಲ್ಲ ತೆಗೆದು ಮಾಡಿದ ಹಾಳೆಯೂ ಇದೆ. ಬೇರಿಗೆ ಹಚ್ಚುವ ಒಂದು ಬಗೆಯ ಜೆಲ್ ಹಂದಿಮರಿಯ ಹಲ್ಲಿನ ಮೊಳಕೆಯಿಂದ ಬರುತ್ತದೆ. ವೈದ್ಯಕೀಯವಾಗಿ ಇವೆಲ್ಲ ಸಂಸ್ಕರಿಸಿ, ಪರೀಕ್ಷಿಸಿ ಬಂದವು.

ಆದರೆ ನಂಬಿಕೆ ನಿಮ್ಮದು, ಬಾಯಿ ನಿಮ್ಮದು. ಸಸ್ಯಾಹಾರಿಗಳಿರಲಿ, ಹಂದಿಯದ್ದು ಬೇಡವೆನ್ನುವ ಮುಸ್ಲಿಮರಿರಲಿ, ಸಂಕೋಚಪಡದೆ ಮೊದಲೇ ಕೇಳಿ: “ನೀವು ಹಾಕುವುದು ಯಾವುದರಿಂದ ಮಾಡಿದ್ದು?” ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದನ್ನು ಬರೆಸಿಕೊಳ್ಳಿ. ಕೇಳದೆ ಹೇಳಬೇಕಾದದ್ದು ನಮ್ಮ ಕೆಲಸವೇ, ಆದರೂ ನೀವು ಕೇಳಿಬಿಡಿ. ಒಳ್ಳೆಯ ಸುದ್ದಿ ಏನೆಂದರೆ, ಬೇರು ಮುಚ್ಚುವುದರಲ್ಲಿ ಈಗಲೂ ಎಲ್ಲಕ್ಕಿಂತ ನಂಬಿಕಸ್ತ ಅನ್ನಿಸಿಕೊಂಡಿರುವುದು ನಿಮ್ಮದೇ ಅಂಗುಳದ ತುಂಡು. ನಿಮ್ಮದೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿ ಮಾಡುವ ಪಿಆರ್‌ಎಫ್ ಎಂಬ ಪದರವೂ ಇದೆ. ಅದು ಗಾಯ ಮಾಯಲು ನೆರವಾಗುತ್ತದೆ, ಆದರೆ ವಸಡನ್ನು ದಪ್ಪ ಮಾಡುವುದರಲ್ಲಿ ಅಂಗುಳದ ತುಂಡಿಗೆ ಸಮನಲ್ಲ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ, 52 ವರ್ಷ. ಚಿಕ್ಕಂದಿನಿಂದ ಎಲೆಅಡಿಕೆ, ಹೊಗೆಸೊಪ್ಪು ಅಭ್ಯಾಸ. ಕೆಳಗಿನ ಮುಂದಿನ ಹಲ್ಲುಗಳ ವಸಡು ಪೂರಾ ಇಳಿದಿದೆ, ಹಲ್ಲು ಹಲ್ಲಿನ ನಡುವೆ ಸಂದು ಬಿದ್ದಿದೆ, ಎರಡು ಅಲ್ಲಾಡುತ್ತವೆ. ಮಗ ಬೆಂಗಳೂರಿನಲ್ಲಿ ಗ್ರಾಫ್ಟ್ ಮಾಡಿಸೋಣ ಅನ್ನುತ್ತಾನೆ.
– ತೀರ್ಥಹಳ್ಳಿ ಕಡೆಯವರು

ಉತ್ತರ: ಮಗನಿಗೆ ನಿಮ್ಮ ಮೇಲೆ ಕಾಳಜಿ ಇದೆ, ಸಂತೋಷ. ಆದರೆ ನೀವು ಬರೆದಿರುವುದನ್ನು ನೋಡಿದರೆ ಈಗ ನಿಮಗೆ ಮೊದಲು ಬೇಕಾದದ್ದು ಕಸಿ ಅಲ್ಲ.

ಕಸಿ ಎಷ್ಟು ಮುಚ್ಚುತ್ತದೆ ಅನ್ನುವುದು ಎರಡು ಹಲ್ಲುಗಳ ನಡುವಿನ ಮೂಳೆಯನ್ನು ಅವಲಂಬಿಸಿದೆ. 1985ರಲ್ಲಿ ಮಿಲ್ಲರ್ ಎಂಬ ವೈದ್ಯರು ಮಾಡಿದ ವಿಂಗಡಣೆಯಲ್ಲೂ, 2011ರಲ್ಲಿ ಇಟಲಿಯ ಕೈರೊ ಮತ್ತು ಜೊತೆಗಾರರು ಮಾಡಿದ್ದರಲ್ಲೂ ಮುಖ್ಯವಾಗಿ ನೋಡುವುದು ಇದನ್ನೇ. ನಡುವಿನ ಮೂಳೆ, ವಸಡು ಸರಿಯಾಗಿದ್ದರೆ ಬೇರು ಪೂರ್ತಿ ಮುಚ್ಚುವ ಸಾಧ್ಯತೆ ಚೆನ್ನಾಗಿದೆ. ಅಲ್ಲಿ ಸ್ವಲ್ಪ ಕರಗಿದ್ದರೆ ಅರ್ಧಂಬರ್ಧ ಫಲ. ಬಹಳ ಕರಗಿದ್ದರೆ ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳುವಂತಿಲ್ಲ. ಸಂದು ಬಿದ್ದು ಹಲ್ಲು ಅಲ್ಲಾಡುತ್ತಿದೆ ಅಂದರೆ ನಡುವಿನ ಮೂಳೆ ಕರಗಿರುವ ಹಾಗಿದೆ. ಎಕ್ಸ್‌ರೇ ತೆಗೆದರೆ ಖಚಿತವಾಗುತ್ತದೆ. ಅಷ್ಟಾದ ಮೇಲೂ ಯಾರಾದರೂ “ಪೂರ್ತಿ ಮುಚ್ಚಿಕೊಡುತ್ತೇವೆ” ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಮೊದಲು ಬೇರಿನ ಸುತ್ತ ಕಲ್ಲಿನಂತೆ ಕಟ್ಟಿದ ಗಾರೆಯನ್ನು ವಸಡಿನ ಒಳಗಿನವರೆಗೂ ತೆಗೆಸಿ, ಕೀವಿದ್ದರೆ ಅದಕ್ಕೆ ಚಿಕಿತ್ಸೆ ಆಗಲಿ. ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ, ವಸಡಿನ ರೋಗಕ್ಕೂ ಸಕ್ಕರೆಗೂ ಹತ್ತಿರದ ನಂಟಿದೆ. ಅಲ್ಲಾಡುವ ಹಲ್ಲನ್ನು ಪಕ್ಕದವಕ್ಕೆ ಕಟ್ಟಿ ನಿಲ್ಲಿಸಬಹುದಾ ಅಂತ ಆಮೇಲೆ ನೋಡುತ್ತಾರೆ.

ಇನ್ನು ಹೊಗೆಸೊಪ್ಪು. ದಯವಿಟ್ಟು ಇದನ್ನು ಓದಿ ಮಡಚಿಡಬೇಡಿ. ಸೊಪ್ಪು ಒತ್ತರಿಸಿಕೊಳ್ಳುವ ಜಾಗದಲ್ಲೇ ವಸಡು ಇಳಿಯುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ, ಆದರೆ ನನಗೆ ಭಯ ಇರುವುದು ವಸಡಿನದಲ್ಲ. ತುಟಿಯ ಒಳಗೆ, ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಬಾಯಿ ಮೊದಲಿನಷ್ಟು ಅಗಲ ತೆರೆಯಲಾಗದಿರುವುದು, ಖಾರ ತಿಂದರೆ ಉರಿ, ಇವುಗಳಲ್ಲಿ ಯಾವುದಿದ್ದರೂ ಇದೇ ವಾರ ತೋರಿಸಿ. ಬಾಯಿ ಕ್ಯಾನ್ಸರ್ ಬೇಗ ಸಿಕ್ಕರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಅಡಿಕೆ ನಿಮ್ಮ ಬದುಕು ಅಂತ ನನಗೆ ಗೊತ್ತು. ಬೆಳೆಯುವುದು ಬೇರೆ, ಅದನ್ನು ಜಗಿಯುವುದು ಬೇರೆ. ಬರೀ ಅಡಿಕೆಯೂ ಬಾಯಿಗೆ ಕೆಟ್ಟದ್ದೇ, ಹೊಗೆಸೊಪ್ಪು ಬಿಟ್ಟು ಅಡಿಕೆ ಮಾತ್ರ ಹಾಕುತ್ತೇನೆ ಅನ್ನಬೇಡಿ.

ಪ್ರಶ್ನೆ: ಕ್ಲೀನಿಂಗ್ ಮಾಡಿಸಿದ ಮೇಲೆಯೇ ನನ್ನ ವಸಡು ಇಳಿಯಿತು, ಹಲ್ಲಿನ ನಡುವೆ ಸಂದಾಯಿತು. ಕ್ಲೀನಿಂಗ್ ಮಾಡಿಸಲೇಬಾರದು ಅಲ್ಲವೇ?
– ರಾಯಚೂರು

ಉತ್ತರ: ಇಲ್ಲ. ಸಂದು ಮೊದಲೇ ಇತ್ತು, ಅದರಲ್ಲಿ ಗಾರೆ ತುಂಬಿಕೊಂಡಿತ್ತು. ಗಾರೆ ಹೋದಾಗ ಸಂದು ಕಂಡಿತು, ಊದಿದ್ದ ವಸಡು ಊತ ಇಳಿದು ಗಟ್ಟಿಯಾದಾಗ ಹಲ್ಲು ಉದ್ದವಾಗಿ ಕಂಡಿತು. ಗಾರೆ ಹಾಗೇ ಬಿಟ್ಟಿದ್ದರೆ ಒಳಗೆ ಮೂಳೆ ಕರಗುತ್ತಲೇ ಇರುತ್ತಿತ್ತು. ಸಂದಿಗೆ ಪುಟ್ಟ ಬ್ರಶ್‌ಗಳು ಸಿಗುತ್ತವೆ, ದಿನಾ ರಾತ್ರಿ ಬಳಸಿ.

ಪ್ರಶ್ನೆ: ಮಗಳಿಗೆ 15 ವರ್ಷ, ಹಲ್ಲಿಗೆ ಕ್ಲಿಪ್ ಹಾಕಿಸಬೇಕು. ಕೆಳಗಿನ ಒಂದು ಹಲ್ಲು ಮುಂದಕ್ಕಿದೆ, ಅಲ್ಲಿ ವಸಡು ಈಗಲೇ ಇಳಿದಿದೆ. ಮೊದಲು ಗ್ರಾಫ್ಟಾ, ಮೊದಲು ಕ್ಲಿಪ್ಪಾ?
– ತಾಯಿ, ಮೈಸೂರು

ಉತ್ತರ: ಇದನ್ನು ಕ್ಲಿಪ್ ಹಾಕುವವರೂ ವಸಡಿನ ಡಾಕ್ಟರೂ ಸೇರಿ ತೀರ್ಮಾನಿಸಬೇಕು, ಒಬ್ಬರೇ ಅಲ್ಲ. ಹಲ್ಲನ್ನು ಹಿಂದಕ್ಕೆ, ಮೂಳೆಯ ಒಳಗೆ ತರುವುದಾದರೆ ಮೊದಲು ಕ್ಲಿಪ್. ಎಷ್ಟೋ ಸಲ ಅದರಿಂದಲೇ ವಸಡು ಸುಧಾರಿಸಿ ಕಸಿ ಬೇಡವಾಗುತ್ತದೆ. ಹಲ್ಲನ್ನು ಇನ್ನೂ ಮುಂದಕ್ಕೆ ಸರಿಸುವ ಯೋಜನೆ ಇದ್ದು ವಸಡು ಕಾಗದದಷ್ಟು ತೆಳ್ಳಗಿದ್ದರೆ ಮೊದಲು ಕಸಿ ಮಾಡಿ ದಪ್ಪ ಮಾಡಿಕೊಳ್ಳುವುದು ವಾಸಿ. ಕೆಳತುಟಿಯನ್ನು ವಸಡಿಗೆ ಕಟ್ಟಿರುವ ಎಳೆ ತೀರಾ ಮೇಲಕ್ಕಿದ್ದರೆ ತುಟಿ ಅಲ್ಲಾಡಿದಾಗಲೆಲ್ಲ ಅದು ವಸಡನ್ನು ಜಗ್ಗುತ್ತದೆ. ಅದನ್ನೂ ನೋಡಲು ಹೇಳಿ. ಆ ಜಾಗ ನೋಯುತ್ತದೆ ಅಂತ ಮಗಳು ಅಲ್ಲಿ ಬ್ರಶ್ ಮಾಡದೆ ಬಿಡುತ್ತಿದ್ದಾಳಾ? ಬೈಯಬೇಡಿ, ಮೆದು ಬ್ರಶ್ ಕೊಡಿಸಿ.

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಎರಡು ಹಲ್ಲಿಗೆ ಗ್ರಾಫ್ಟ್ ಖರ್ಚು ಕೇಳಿ ತಲೆ ತಿರುಗಿತು. ತಂಗಿಯ ಮದುವೆಗೆ ಮೂರು ವಾರ ಹುಬ್ಬಳ್ಳಿಗೆ ಬರುತ್ತಿದ್ದೇನೆ, ಆಗ ಮಾಡಿಸಿಕೊಳ್ಳಬಹುದಾ?
– ಹುಬ್ಬಳ್ಳಿಯ ಹುಡುಗ

ಉತ್ತರ: ಮೂರು ವಾರ ಸಾಕು, ಆದರೆ ಲೆಕ್ಕ ಬಿಗಿಯಾಗಿದೆ. ಹೊಲಿಗೆ ತೆಗೆಯುವವರೆಗೆ ಸುಮಾರು ಎರಡು ವಾರ ನೀವು ಊರಲ್ಲೇ ಇರಬೇಕು. ಅಂದರೆ ಬಂದ ಮೊದಲ ವಾರದಲ್ಲೇ ಆಪರೇಷನ್ ಆಗಬೇಕು. ಮದುವೆ ಮೊದಲ ನಾಲ್ಕೈದು ದಿನದೊಳಗೆ ಇದ್ದರೆ ಅದನ್ನು ಮುಗಿಸಿ ಮಾಡಿಸಿ. ಎರಡನೇ ವಾರದಲ್ಲಿದ್ದರೆ ಈ ಸಲ ಬೇಡ ಅನ್ನುತ್ತೇನೆ. ಊದಿದ ಕೆನ್ನೆ ಇಟ್ಟುಕೊಂಡು ಫೋಟೊಗೆ ನಿಂತು, ಚಿರೋಟಿ, ಹಪ್ಪಳ ಮುಟ್ಟದೆ, ಬಂದವರಿಗೆಲ್ಲ ತುಟಿ ಎಳೆದು ತೋರಿಸುತ್ತಾ ಇರುವುದು ತಂಗಿಗೂ ಬೇಸರ, ಕಸಿಗೂ ಕೇಡು.

ಬರುವ ಮುಂಚೆಯೇ ಅಲ್ಲಿಯ ಎಕ್ಸ್‌ರೇ, ಅಳತೆ, ಫೋಟೊಗಳನ್ನು ತರಿಸಿಕೊಂಡು ಇಲ್ಲಿಯ ಪೆರಿಯೊಡಾಂಟಿಸ್ಟ್‌ಗೆ ಕಳಿಸಿ. ಕ್ಲೀನಿಂಗ್ ಅಲ್ಲೇ ಮುಗಿಸಿಕೊಂಡು ಬನ್ನಿ. ಒಂದು ಸಲ ನಿಮ್ಮ ಇನ್ಶುರೆನ್ಸ್‌ನವರಿಗೂ ಡಾಕ್ಟರ ವರದಿ ಕಳಿಸಿ, ಎಷ್ಟು ಕೊಡುತ್ತೀರಿ ಅಂತ ಬರಹದಲ್ಲಿ ಕೇಳಿ. ಬೇರು ಜುಮ್ಮೆನ್ನುತ್ತದೆ, ವಸಡು ಇಳಿಯುತ್ತಲೇ ಇದೆ ಅಂತ ಅಳತೆ ಸಮೇತ ಇದ್ದರೆ ಒಂದು ಪಾಲು ಕೊಡುವ ಪಾಲಿಸಿಗಳಿವೆ. ವಿಮಾನದ ಟಿಕೆಟ್ಟಿಗಾಗಿ ಹೇಗಿದ್ದರೂ ಖರ್ಚು ಮಾಡುತ್ತಿದ್ದೀರಿ, ಅದನ್ನು ಕಸಿಯ ಖರ್ಚಿಗೆ ಸೇರಿಸಬೇಡಿ.

ಇಲ್ಲಿ ಮಾಡಿಸಿದರೆ ಯಾವ ವಿಧಾನ, ಯಾವ ಸಾಮಗ್ರಿ, ಯಾವ ದಿನ ಅಂತ ಬರೆಸಿದ ಸಾರಾಂಶ ತಗೊಂಡು ಹೋಗಿ, ಆರು ತಿಂಗಳಿಗೆ ಅಲ್ಲಿಯ ಡಾಕ್ಟರ ಹತ್ತಿರ ಮತ್ತೆ ಅಳತೆ ಮಾಡಿಸಿ. ವಸಡಿನ ಕೊನೆಯ ಆಕಾರ, ಬಣ್ಣ ನಿಲ್ಲಲು ತಿಂಗಳುಗಳೇ ಬೇಕು, ಹೊಲಿಗೆ ತೆಗೆದ ದಿನ ಕಂಡದ್ದೇ ಕೊನೆ ಅಂದುಕೊಳ್ಳಬೇಡಿ.